ಆ ಕಿಟಕಿಯ ಕೈಗೆ ಬಳೆ ಇಟ್ಟವಳು ನಾನೇ

ಏಳು ಪಂಚಮಿ ನಾನು ಒಬ್ಬ ಹೆಣ್ಣುಮಗಳ ಕೈಗೆ ಬಳೆ ಇಟ್ಟೆ. ಮುಖ ನೋಡಲಿಲ್ಲ, ಕೈ ಮಾತ್ರ ನೋಡಿದೆ. ಈಗ ಜನ ನನ್ನನ್ನು ಕಂಡು 'ಎರಡು ಜೀವ ಉಳಿಸಿದಿರಿ' ಅನ್ನುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಉಳಿಸಿದ್ದು ಏಳನೆಯ ವರ್ಷ. ಮೊದಲಿನ ಆರು ವರ್ಷ ನಾನು ಏನು ಮಾಡಿದೆ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೆಟಗೇರಿಯಲ್ಲಿ ನಮ್ಮದು ಬಳೆ ಅಂಗಡಿ. ಗಂಡನಿಗೆ ಕಣ್ಣು ಮಂಜಾದ ಮೇಲೆ ಅವನು ಅಂಗಡಿಯಲ್ಲಿ ಕೂತ, ಬಳೆಯ ಮಲಾರ ಹೊತ್ತು ಊರೂರು ತಿರುಗುವ ಕೆಲಸ ನನಗೆ ಬಂತು. ಈಗ ಮನೆಗೆ ಕರೆಸಿ ಬಳೆ ಇಡಿಸಿಕೊಳ್ಳುವವರು ಕಡಿಮೆ. ಬಾಣಂತಿ ಇದ್ದ ಮನೆ, ಸೀಮಂತದ ಮನೆ, ಅಷ್ಟೇ. ಉಳಿದವರು ತಾವೇ ಅಂಗಡಿಗೆ ಬಂದು, ಮೊಬೈಲಿನಲ್ಲಿ ಫೋಟೋ ತೋರಿಸಿ, ಇಂಥದ್ದೇ ಕೊಡಿ ಅನ್ನುತ್ತಾರೆ. ಹಾಗಿರುವಾಗ ಶಿರಹಟ್ಟಿ ದಾಟಿದ ಒಂದು ಹಳ್ಳಿಯಿಂದ ಪ್ರತಿ ನಾಗರಪಂಚಮಿಗೆ ತಪ್ಪದೆ ಕರೆ ಬರುತ್ತಿತ್ತು. ದೊಡ್ಡ ಮಾಳಿಗೆ ಮನೆ. ಮನೆಯಲ್ಲಿ ಅತ್ತೆ, ಅವಳ ಮಗ, ಮತ್ತು ಹಿತ್ತಲ ಕಡೆಯ ಕೋಣೆಯಲ್ಲಿ ಸೊಸೆ. ಕೋಣೆಗೆ ಹೊರಗಿನಿಂದ ಬೀಗ. ಒಂದು ಸಣ್ಣ ಕಿಟಕಿ, ಅದಕ್ಕೆ ಕಬ್ಬಿಣದ ಸರಳು.

ಮೊದಲ ವರ್ಷವೇ ಅತ್ತೆ ನನಗೆ ಹೇಳಿದ್ದಳು: "ನಮ್ಮ ಸೊಸಿಗೆ ತಲಿ ಸರಿ ಇಲ್ಲವಾ. ಬೆಳಕ ಕಂಡ್ರ ಚೀರತಾಳ, ಮಂದಿ ಕಂಡ್ರ ಕಡ್ಯಾಕ ಬರತಾಳ. ಕಿಟಕ್ಯಾಗಿಂದನ ಇಟ್ಟುಬಿಡು."

"ಹಂಗಾರ ಕಾಜಿನ ಬಳಿ ಯಾಕ್ರಿ? ಒಡಕೊಂಡು ಕೈ ಕೊಯ್ಕೊಂಡಾಳು."

"ಬಿಡ್ತು ಅನ್ನು! ನನ್ನ ಮಗ ಗಟ್ಟಿಮುಟ್ಟ ಅದಾನ. ಹೆಂಡ್ತಿ ಬರೇ ಕೈಲೆ ಕುಂತ್ರ ಅವನ ಆಯುಷ್ಯ ಏನಾಗಬೇಕು?"

ನನಗೆ ಆ ಮಾತು ಸರಿ ಅನ್ನಿಸಿತು. ಬೀಗ ಹಾಕಿದವರಿಗೆ ಬೀಗದ ಭಯ ಇರಲಿಲ್ಲ, ಬರಿಗೈಯ ಭಯ ಇತ್ತು. ನನಗೂ ಅದೇ ಭಯ.

ಸರಳಿನ ಸಂದಿಯಿಂದ ಕೈ ಹೊರಗೆ ಬಂತು. ಬಳೆಯ ಅಳತೆಯಲ್ಲಿ ಎರಡೂ ಆರರ ಕೈ, ತುಂಬಿದ ಕೈ. ಬೆರಳ ಗಿಣ್ಣು ಒತ್ತಿ ಹಿಡಿದು ಹಸಿರು ಬಳೆ ಏರಿಸಿದೆ. ಬಳೆ ಇಟ್ಟ ಮೇಲೆ ಬಳೆಗಾರ್ತಿ ಹರಸಬೇಕು, ಅದು ನಮ್ಮ ರಿವಾಜು. ಹರಸಿದೆ. "ಹಿಂಗ ನೂರು ವರ್ಷ ಮುತ್ತೈದಿಯಾಗಿ ಇರವಾ." ಸರಳಿನ ಹಿಂದೆ ಬೀಗದ ಕೋಣೆಯಲ್ಲಿ ಕೂತವಳಿಗೆ 'ಹೀಗೆಯೇ ನೂರು ವರ್ಷ ಇರು' ಅಂದೆ. ಒಂದು ಸಲ ಅಲ್ಲ, ವರ್ಷಕ್ಕೊಂದರಂತೆ ಏಳು ಸಲ.

ಎರಡನೆಯ ವರ್ಷ ಎರಡೂ ನಾಲ್ಕರ ಬಳೆ ಹಿಡಿಸಿತು. ನಾಲ್ಕನೆಯ ವರ್ಷ ಎರಡೂ ಎರಡು. ನಲವತ್ತು ವರ್ಷ ಕೈ ಹಿಡಿದವಳು ನಾನು. ಹೆರಿಗೆಯಾದರೆ, ಜ್ವರ ಬಂದರೆ, ಹೊಟ್ಟೆಗೆ ಸಾಲದೆ ಹೋದರೆ ಕೈ ಹೇಗಾಗುತ್ತದೆ ಅಂತ ನನಗೆ ಡಾಕ್ಟರು ಹೇಳಬೇಕಾಗಿಲ್ಲ. ಆ ವರ್ಷ ಮಣಿಕಟ್ಟಿನ ಮೇಲೆ ಬರೆ ಎಳೆದ ಕಲೆಗಳಿದ್ದವು, ಮೂರು, ಒಂದರ ಪಕ್ಕ ಒಂದು.

"ಇದೇನ್ರಿ?" ಅಂದೆ.

"ಒಲಿ ಮುಟ್ಟಿಕೊಂಡಾಳ ಹುಚ್ಚಿ," ಅಂದಳು ಅತ್ತೆ.

ಬೀಗ ಹಾಕಿದ ಕೋಣೆಯೊಳಗೆ ಒಲೆ ಎಲ್ಲಿಂದ ಬಂತು? ನಾನು ಕೇಳಲಿಲ್ಲ. ಬಳೆಗಳನ್ನು ಮೇಲಕ್ಕೆ ಸರಿಸಿ ಕಲೆಗಳನ್ನು ಮುಚ್ಚಿದೆ. ಕೈ ಚಂದ ಕಾಣಲಿ ಅಂತ.

ಅದೇ ವರ್ಷ ಆ ಕೈ ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬಿಡಲಿಲ್ಲ. ಅತ್ತೆ ಪಕ್ಕದಲ್ಲೇ ಕೂತಿದ್ದಳು. ನಾನು ಏನಂದೆ ಗೊತ್ತೇ? "ಬಿಡವಾ, ಬಳಿ ಒಡದಾವು" ಅಂತ ಗದರಿದೆ. ಕೈ ಬಿಟ್ಟಿತು. ಒಳಗೆ ಹೋಯಿತು.

ಏಳನೆಯ ಪಂಚಮಿಗೆ ಹೋದಾಗ ಇನ್ನೂ ಒಂದೇ ಕೈಗೆ ಬಳೆ ಇಟ್ಟಿದ್ದೆ. ಗ್ಯಾಸ್ ಸಿಲಿಂಡರಿನವನು ಮುಂಬಾಗಿಲಲ್ಲಿ ಕೂಗಿದ. ಅತ್ತೆ ಗೊಣಗುತ್ತ ಎದ್ದು ಹೋದಳು. ಅಷ್ಟು ವರ್ಷಗಳಲ್ಲಿ ಆಕೆ ನನ್ನ ಪಕ್ಕದಿಂದ ಎದ್ದದ್ದು ಅದೇ ಮೊದಲು. ಕಿಟಕಿಯಲ್ಲಿದ್ದ ಕೈ ಸರಕ್ಕನೆ ಒಳಗೆ ಹೋಯಿತು. ಅದರ ಜಾಗದಲ್ಲಿ ಇನ್ನೊಂದು ಕೈ ಬಂತು.

ಕೂಸಿನ ಕೈ. ನೆನೆಸಿ ಸಿಪ್ಪೆ ಸುಲಿದ ಶೇಂಗಾದ ಹಾಗೆ ಬೆಳ್ಳಗೆ. ಬಿಸಿಲನ್ನೇ ಕಾಣದ ಕೈ. ಹಿಂದಿನಿಂದ ಯಾರೋ ಆ ಕೈಯನ್ನು ಮೊಣಕೈತನಕ ಹೊರಗೆ ನೂಕಿ ಹಿಡಿದಿದ್ದರು.

"ನೋಡಿದೇನಬೇ?" ಅಂತ ಒಳಗಿನಿಂದ ಧ್ವನಿ ಬಂತು. "ಈಗರ ನೋಡಿದಿ, ಹೌದಿಲ್ಲೋ?"

ಅದು ಹುಚ್ಚಿಯ ಧ್ವನಿ ಅಲ್ಲ. ನನ್ನ ಮಗಳ ಧ್ವನಿಯ ಹಾಗೆ ಇತ್ತು. ಅಷ್ಟರಲ್ಲಿ ಅತ್ತೆಯ ಹೆಜ್ಜೆ ಕೇಳಿಸಿತು, ಸಣ್ಣ ಕೈ ಮಾಯವಾಯಿತು.

"ಯಾರ ಜೋಡಿ ಮಾತಾಡಾಕತ್ತಿದ್ದಿ?"

"ನಿಮ್ಮ ಸೊಸಿಗೆ ಹರಸಾಕತ್ತಿದ್ದೆ," ಅಂದೆ. ಉಳಿದ ಬಳೆ ಇಟ್ಟು, ಮಲಾರ ಕಟ್ಟಿ, ಟಂಟಂ ಹತ್ತಿ, ಬಸ್ಸು ಹಿಡಿದು ಮನೆಗೆ ಬಂದೆ. ಆ ಊರಿನಲ್ಲೇ ನಿಂತು ಕೂಗಬೇಕಿತ್ತು. ಕೂಗಲಿಲ್ಲ.

ಮನೆಯಲ್ಲಿ ಹೇಳಿದಾಗ ಮಗ ಮೊದಲು ಅಂದದ್ದು: "ಯವ್ವಾ, ದೊಡ್ಡ ಮನೆತನ ಅದು. ನಾಳೆ ಆ ಕಡಿ ಹಳ್ಯಾಗ ಕಾಲ ಇಡಗೊಡೂದಿಲ್ಲ. ನಿನಗ್ಯಾಕ ಊರ ಉಸಾಬರಿ?"

ನನ್ನ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು.

"ಅತ್ತೀ, ಕೂಸಿನ ಕೈ ಎಷ್ಟಿತ್ತು?"

ತೋರಿಸಿದೆ.

"ಅಂದ್ರ ನಾಕೈದು ವರ್ಷದ್ದು. ಅಂಗನವಾಡ್ಯಾಗ ಹೆಸರ ಇರಬೇಕಲ್ಲ? ನಡೀರಿ, ನಾಳೆ ಮುಂಜಾನಿ ಇಬ್ಬರೂ ಹೋಗೂಣು." ಗಂಡನ ಕಡೆ ತಿರುಗಿ, "ನಿಮಗ ಉಸಾಬರಿ ಬ್ಯಾಡಂದ್ರ ಮನ್ಯಾಗ ಕುಂಡ್ರಿ, ರೊಟ್ಟಿ ಮುಚ್ಚಿಟ್ಟಿರತೇನಿ" ಅಂದಳು.

ಹೋದೆವು. ಆ ಊರಿನ ಅಂಗನವಾಡಿ ಅಕ್ಕ ರಿಜಿಸ್ಟರು ತೆಗೆದು ನೋಡಿದಳು. ಆ ಮನೆಯ ಹೆಸರಿನ ಮುಂದೆ ಗರ್ಭಿಣಿ ಇಲ್ಲ, ಬಾಣಂತಿ ಇಲ್ಲ, ಮಕ್ಕಳಿಲ್ಲ. ವರ್ಷಾ ವರ್ಷಾ ಅದನ್ನೇ ಬರೆದಿದ್ದಳು. "ಒಳಗ ಹುಚ್ಚಿ ಅದಾಳ ಅಂದ್ರು. ನಾ ಬಾಗಲದಾಗ ನಿಂತು ಬರಕೊಂಡು ಬಂದೆ" ಅಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಆಕೆಯನ್ನು ಬೈಯಲು ಬಾಯಿ ತೆರೆದೆ. ಯಾವ ಬಾಯಿಂದ ಬೈಯಲಿ? ಆಕೆ ಅಳುತ್ತಲೇ ಮೇಲಿನವರಿಗೆ ಫೋನು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಪೊಲೀಸ್ ಜೀಪು ಬಂತು.

ಬೀಗ ಒಡೆದಾಗ ನಾನು ಅಂಗಳದಲ್ಲಿದ್ದೆ. ಒಳಗಿನದು ಬರೆಯುವುದಿಲ್ಲ, ಟೀವಿಯವರು ಬೇಕಾದಷ್ಟು ತೋರಿಸಿದ್ದಾರೆ. ಗಂಡ ಹೊಡೆಯುತ್ತಾನೆಂದು ಆಕೆ ಒಮ್ಮೆ ತವರಿಗೆ ಹೊರಟಿದ್ದಳಂತೆ. ಅರ್ಧ ದಾರಿಯಿಂದ ಎಳೆತಂದು, ಬುದ್ಧಿ ಬರುವ ತನಕ ಅಂತ ಕೂಡಿಹಾಕಿದರು. ಡಂಬಳದಲ್ಲಿದ್ದ ಅಣ್ಣನಿಗೆ 'ನಿನ್ನ ತಂಗಿ ಯಾರ ಜೋಡಿಯೋ ಓಡಿಹೋದಳು' ಅಂದರು. ಅವನು ನಾಚಿಕೆಯಿಂದ ಹುಡುಕಲೇ ಇಲ್ಲ. ಕೋಣೆಯಲ್ಲೇ ಕೂಸು ಹುಟ್ಟಿತು. ಗಂಡ ಅದು ತನ್ನದಲ್ಲ ಅಂದನಂತೆ. ಬೀಗದ ಕೈ ಅವನ ಕಿಸೆಯಲ್ಲಿತ್ತು, ಆದರೂ ತನ್ನದಲ್ಲ ಅಂದ. ಅದಕ್ಕೇ ಕೂಸನ್ನೂ ಮುಚ್ಚಿಟ್ಟರು.

ಅತ್ತೆಯ ಬಾಯಿ ಮಾತ್ರ ಕಡಿಮೆಯಾಗಲಿಲ್ಲ. "ನಾವೇನ ಕಡಿಮಿ ಮಾಡೇವ್ರಿ? ಹಬ್ಬಕ್ಕ ತಪ್ಪದ ಬಳಿ ಇಡಿಸೇವಿ. ಕೇಳ್ರಿ ಈಕಿನ್ನ!" ಅಂತ ನನ್ನ ಕಡೆ ಕೈ ತೋರಿಸಿದಳು.

ಓಣಿಯವರು ಮಾಳಿಗೆ ಹತ್ತಿ ಮೊಬೈಲಿನಲ್ಲಿ ತೆಗೆಯುತ್ತಿದ್ದರು. ಅವರಲ್ಲೊಬ್ಬ ಟೀವಿಯವರ ಮುಂದೆ ಕೂದಲು ಸರಿಮಾಡಿಕೊಂಡು "ಅಳೂ ಧ್ವನಿ ನಮಗ ದಿನಾ ಕೇಳತಿತ್ರಿ" ಅಂದ. ದಿನಾ ಕೇಳುತ್ತಿತ್ತಂತೆ! ಕೇಳುತ್ತಿದ್ದಾಗ ಏನು ತಿನ್ನುತ್ತಿದ್ದೆ ಲೇ ಅಂತ ಕೇಳಬೇಕೆನ್ನಿಸಿತು.

ಕೇಸು ನಡೆಯಿತು. ನನ್ನ ಸಾಕ್ಷಿಗೆ ಎರಡು ದಿನ ಮೊದಲು ಆ ಮನೆಯ ಕಡೆಯ ಒಬ್ಬ ಮನುಷ್ಯ ಅಂಗಡಿಗೆ ಬಂದ. ನಯವಾದ ಮಾತು.

"ಅಜ್ಜೀ, ಸುಳ್ಳ ಹೇಳ್ರಿ ಅನ್ನಾಂಗಿಲ್ಲ. ವರ್ಷಾ ಬಳಿ ಇಡಸ್ತಿದ್ರು, ಆಕಿ ಒಂದಿನಾನೂ ನಿಮ್ಮ ಮುಂದ ದೂರಲಿಲ್ಲ. ಇಷ್ಟ ಖರೆ ಹೇಳ್ರಿ, ಸಾಕು. ಹಳೇ ಕಲಿ-ಗಿಲಿ ನೋಡೇನಿ ಅಂದ್ರಿ ಅಂದ್ರ, ಆವಾಗ ಬಾಯಾಗ ಏನ ಇಟಗೊಂಡಿದ್ದಿ ಅಂತ ಮಂದಿ ನಿಮಗ ಉಗಳತಾರ."

ಅವನ ಲೆಕ್ಕ ನನಗೆ ತಿಳಿಯಿತು. ಕಲೆಗಳನ್ನೆಲ್ಲ ಆಕೆ ಈಚೆಗೆ ತಾನೇ ಮಾಡಿಕೊಂಡಳು, ತಲೆ ಕೆಟ್ಟವಳು, ಕೂಸನ್ನು ಆಕೆಯ ಕೈಗೆ ಕೊಡಬಾರದು ಅಂತ ಅವರ ವಾದ. ಹಳೆಯ ಕಲೆಯನ್ನು ಆ ಕಾಲದಲ್ಲೇ ನೋಡಿದ ಹೊರಗಿನವಳು ನಾನೊಬ್ಬಳೇ. ನಾನು ಬಾಯಿ ಮುಚ್ಚಿದರೆ ನನ್ನ ಮಾನ ಉಳಿಯುತ್ತದೆ, ಆಕೆಯ ಕೂಸು ಹೋಗುತ್ತದೆ.

ಗದಗದ ಕೋರ್ಟಿನಲ್ಲಿ ಎಲ್ಲಾ ಹೇಳಿದೆ. ಯಾವ ವರ್ಷ ಯಾವ ಅಳತೆ, ಎಷ್ಟು ಬರೆ, ಯಾವ ಕೈಗೆ. ಹೆಬ್ಬೆರಳು ಹಿಡಿದದ್ದು, ನಾನು ಗದರಿದ್ದು, ಹರಸಿದ್ದು. ಅವರ ವಕೀಲ ಎದ್ದು ನಿಂತ.

"ಇಷ್ಟೆಲ್ಲಾ ನೋಡಿನೂ ಆರು ವರ್ಷ ಸುಮ್ಮನಿದ್ರಿ. ಹಂಗಾರ ನೀವೂ ತಪ್ಪಿತಸ್ಥರ ಅಲ್ಲೇನು?"

"ಹೌದ್ರಿ. ಬರಕೋರಿ."

ಜಡ್ಜ್ ಮೇಡಂ ಕನ್ನಡಕ ಸರಿಸಿ ನೋಡಿದರು. "ಅಜ್ಜಿ, ಇಲ್ಲಿ ವಿಚಾರಣೆ ನಡೆಯುತ್ತಿರುವುದು ನಿಮ್ಮದಲ್ಲ."

"ನಂದು ಯಾವಾಗ ಮಾಡತೀರಿ ಹಂಗಾರ?"

ಯಾರೋ ನಕ್ಕರು. ನಾನು ನಗಿಸಲು ಹೇಳಿರಲಿಲ್ಲ. ಟೈಪು ಮಾಡಿದ್ದನ್ನು ಓದಿ ಹೇಳಿದರು. ಕೇಳಿ, ಸಹಿ ಮಾಡಿದೆ. ಅಳು ದಿನಾ ಕೇಳುತ್ತಿತ್ತು ಅಂದ ಓಣಿಯವರಲ್ಲಿ ಒಬ್ಬನೂ ಸಾಕ್ಷಿಗೆ ಬಂದಿರಲಿಲ್ಲ.

ಕೊನೆಯ ತೀರ್ಪು ಇನ್ನೂ ಬಂದಿಲ್ಲ. ಅತ್ತೆ ಮತ್ತು ಗಂಡ ಜೈಲಿನಲ್ಲಿದ್ದಾರೆ, ಕೂಸು ತಾಯಿಯ ಹತ್ತಿರವೇ ಇದೆ. ಸಾಕ್ಷಿ ಹೇಳಿದ ದಿನ ಕೋರ್ಟಿನ ಮೆಟ್ಟಿಲ ಕೆಳಗೆ ತಾಯಿ, ಕೂಸು ಇಬ್ಬರೂ ಎದುರಾದರು. ನಾನು ಆಕೆಯನ್ನು ಸರಿಯಾಗಿ ನೋಡಿದ್ದು ಅಲ್ಲೇ. ನನಗಿಂತ ಮುಪ್ಪಾದವಳಂತೆ ಕಂಡಳು. ಮೂವತ್ತು ಕೂಡ ಆಗಿರಲಿಕ್ಕಿಲ್ಲ. ಕೂಸು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನೇ ನೋಡುತ್ತಿತ್ತು.

"ಯವ್ವಾ, ಆಕಿ ಯಾರು?"

ತಾಯಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

"ಯಾರೂ ಅಲ್ಲ. ನಡಿ," ಅಂದಳು.

ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.