ಪೆನ್ಸಿಲ್ ಗುರುತು

ಭದ್ರಾವತಿ ಓಲ್ಡ್ ಟೌನಿನ ಒಬ್ಬ ಟೈಲರ್ ನಮ್ಮ ಬ್ಯಾಂಕಿನಲ್ಲಿ ಯಾವ ಕಾಗದವನ್ನೂ ಓದುತ್ತಿರಲಿಲ್ಲ. “ಎಲ್ಲಿ ಸಹಿ ಹಾಕ್ಲಿ, ಮಾರಾಯ್ರೆ?” ಎಂದು ಕೇಳಿ, ಗುಮಾಸ್ತನಾದ ನಾನು ಪೆನ್ಸಿಲಿನಲ್ಲಿ ಗುರುತು ಮಾಡಿದಲ್ಲೆಲ್ಲ ಹಾಕುತ್ತಿದ್ದರು. ಹೊಲಿಗೆ ಮೆಷಿನ್ನಿನ ಸಾಲದ ಜೊತೆ ಅವರಿಗೆ ಹೇಳದೆ ಇನ್ಶೂರೆನ್ಸ್ ಸೇರಿಸಿದ್ದೂ ಹಾಗೆಯೇ.

ಅವರು ದೂರು ಕೊಟ್ಟ ಮೇಲೆ ಶಿವಮೊಗ್ಗದಿಂದ ವಿಚಾರಣೆಗೆ ಬಂದ ಅಧಿಕಾರಿ ಫಾರಂ ತೋರಿಸಿ, “ಸಹಿ ನಿಮ್ಮದೇ ಅಲ್ವಾ?” ಎಂದರು.

“ನಂದೇ ಸಾರ್. ಗುರುತು ನಂದಲ್ಲ. ನಮ್ಮ ಅಂಗಡೀಲಿ ಬಟ್ಟೆ ಕೆಟ್ರೆ ಕತ್ತರಿ ಹಿಡಿದೋನನ್ನ ಬೈಯಲ್ಲ, ಸೀಮೆಸುಣ್ಣದಲ್ಲಿ ಗುರುತು ಹಾಕಿದೋನನ್ನ ಕೇಳ್ತೀವಿ.”

“ಯಾರು ಹಾಕಿದ್ದು?”

“ಬ್ಯಾಂಕು,” ಎಂದರು. ನನ್ನ ಕಡೆ ತಿರುಗಲೇ ಇಲ್ಲ.

ಇನ್ಶೂರೆನ್ಸಿಗೆಂದು ಹಿಡಿದಿದ್ದ ದುಡ್ಡು ವಾಪಸ್ ಬಂತು. ಅದರ ರಸೀದಿಗೂ ಅಭ್ಯಾಸದಂತೆ ಗುರುತು ಹಾಕಿ ಕೊಟ್ಟೆ. ಅವರು ಪೂರ್ತಿ ಓದಿ, ನನ್ನ ಟೇಬಲ್ಲಿನ ರಬ್ಬರ್ ತೆಗೆದುಕೊಂಡು ಗುರುತು ಅಳಿಸಿ, ಆಮೇಲೆ ಸಹಿ ಹಾಕಿದರು.