ಚಿದ್ರಿಯ ಕಲ್ಕತ್ತಾ ಮೀನು

ಬೀದರದ ಚಿದ್ರಿಗೆ ಹೋಗಿ ಕಂಡಕ್ಟರ್ ಅನೀಲಕುಮಾರನ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಮೀನಿನ ಬಾಯಿಯ ಮನೆ ಎಂದರೆ ಮಾತ್ರ ಹಾಲಿನವನಿಂದ ಹಿಡಿದು ಇಸ್ತ್ರಿಯವನ ತನಕ ಎಲ್ಲರ ಕೈಯೂ ಒಂದೇ ಕಡೆ ಚಾಚುತ್ತದೆ. ಈ ಕಡೆ ಬಾಯಿ ಎಂದರೆ ಅಮ್ಮ, ಅಕ್ಕ ಎಂದ ಹಾಗೆ; ಆ ಮೀನಿನ ಬಾಯಿ ಅಂದರೆ ಅನೀಲಕುಮಾರನ ಹೆಂಡತಿ ಸಿದ್ದೇಶ್ವರಿ. ವಯಸ್ಸು ನಲವತ್ತರ ಹತ್ತಿರ, ಸಣ್ಣ ಆಳು, ಮುಖ ಮಾತ್ರ ಬಲು ಸಾಧು. ಆ ಮುಖವನ್ನು ನಂಬಬಾರದು ಎಂಬುದು ಮದುವೆಯಾದ ಮೊದಲ ವರ್ಷವೇ ಅನೀಲಕುಮಾರನಿಗೆ ಗೊತ್ತಾಗಿತ್ತು. ಹೊಟ್ಟೆಯೊಳಗಿನ ಕಿತಾಪತಿ ಹೆಚ್ಚಾದಷ್ಟೂ ಅವಳ ದನಿ ಮೆತ್ತಗಾಗುತ್ತಿತ್ತು.

ಮೀನಿಗೂ ಅವಳಿಗೂ ಮೊದಲು ಯಾವ ನಂಟೂ ಇರಲಿಲ್ಲ. ತವರು ಔರಾದ ತಾಲ್ಲೂಕಿನ ಡಾಬಕಾ. ತಂದೆ ಹಣಮಂತಪ್ಪ ಕುರಿ ಸಾಕಿದವರು. ಆರು ವರ್ಷದ ಹಿಂದೆ ಎದುರು ಮನೆಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಗುಮಾಸ್ತರಿಗೆ ರಾಯಚೂರಿಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುವ ಗಡಿಬಿಡಿಯಲ್ಲಿ ಅವರು ನಾಲ್ಕು ಗಪ್ಪಿ ಮೀನಿದ್ದ ಗಾಜಿನ ತೊಟ್ಟಿಯನ್ನು ಸಿದ್ದೇಶ್ವರಿಯ ಕೈಗಿಟ್ಟು, ಎಂಟು ದಿನದಲ್ಲಿ ಬಂದು ಒಯ್ಯುತ್ತೇವೆ ಎಂದು ಹೇಳಿ ಹೋದರು. ಇನ್ನೂ ಬಂದಿಲ್ಲ.

ಐದನೆಯ ದಿನ ಒಂದು ಹೆಣ್ಣು ಮರಿ ಹಾಕಿತು. ಗಪ್ಪಿ ಮೊಟ್ಟೆ ಇಡುವ ಮೀನಲ್ಲ, ನೇರವಾಗಿ ಮರಿಯನ್ನೇ ಈಯುತ್ತದೆ. ಈದ ತಾಯಿ ತಿರುಗಿ ನೋಡಿ ಎರಡು ಮರಿಗಳನ್ನು ಗುಳುಂ ಮಾಡಿದ್ದನ್ನು ಕಂಡು ಸಿದ್ದೇಶ್ವರಿ ಹೌಹಾರಿದಳು. ಕುರಿ ಏನೇ ಮಾಡಿದರೂ ಇದನ್ನು ಮಾಡುವುದಿಲ್ಲ. ಚಹಾ ಸೋಸುವ ಜಾಲರಿಯಿಂದ ಉಳಿದ ಮರಿಗಳನ್ನು ಎತ್ತಿ ಸ್ಟೀಲಿನ ಪಾತ್ರೆಗೆ ಬಿಟ್ಟು, ಪಾತ್ರೆಯನ್ನು ಅಡುಗೆಕಟ್ಟೆಯ ಮೂಲೆಗೆ ಸರಿಸಿಟ್ಟಳು. ಸಂಜೆ ಅತ್ತೆ ಸತ್ಯಮ್ಮ ಚಹಾಕ್ಕೆಂದು ಅದೇ ಪಾತ್ರೆಯನ್ನು ಗ್ಯಾಸಿನ ಮೇಲಿಟ್ಟು, ಕಡ್ಡಿ ಗೀರುವ ಮೊದಲು ಒಳಗೆ ಇಣುಕಿದರು.

“ಸಿದ್ದಿ, ಚಹಾದ ನೀರಿಗಿ ಕಣ್ಣ ಬಂದಾವ ನೋಡ,” ಎಂದರು.

ಅಂದೇ ಸತ್ಯಮ್ಮನ ಅಪ್ಪಣೆಯಾಯಿತು. ಮೀನು, ತೊಟ್ಟಿ, ಜಾಲರಿ ಎಲ್ಲವೂ ಮಾಳಿಗೆಗೆ ಹೋಗಬೇಕು. ಜಾಲರಿಯಂತೂ ಮತ್ತೆ ಕೆಳಗಿಳಿಯಕೂಡದು. ಹಾಗೆ ಮಾಳಿಗೆ ಹತ್ತಿದ ಮೀನು ಅಲ್ಲೇ ಬೀಡುಬಿಟ್ಟವು. ಅಡ್ಡ ಕೊಯ್ದ ನೀಲಿ ಡ್ರಮ್ಮು, ಬಿರುಕು ಬಿಟ್ಟು ಸಿಮೆಂಟು ಬಳಿಸಿಕೊಂಡ ತೊಟ್ಟಿ, ಕಿವಿ ಮುರಿದ ಪ್ಲಾಸ್ಟಿಕ್ ಟಬ್ಬು, ಒಂದೊಂದೇ ಮೇಲೆ ಬಂದು ಎರಡು ವರ್ಷದಲ್ಲಿ ಹದಿನಾಲ್ಕಾದವು. ಮರಿಗಳು ಅಡಗಿಕೊಳ್ಳಲೆಂದು ಪ್ರತಿಯೊಂದಕ್ಕೂ ನೀರಹುಲ್ಲು ಬಿಟ್ಟಳು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಅರಿವೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿ ಮರಿಗಳಿಗೆ ಉಣಿಸಿದಳು. ಬಿಳಿ ಭಾಗ ಅನೀಲಕುಮಾರನ ಪಾಲಿಗೆ ಬಂತು. ತಟ್ಟೆಯಲ್ಲಿ ಹಳದಿಯಿರುವ ಮೊಟ್ಟೆ ಕಂಡು ಎಷ್ಟು ಕಾಲವಾಯಿತೋ ಎಂದು ಅವನು ಡಿಪೋದಲ್ಲಿ ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದ.

ಮೂರನೆಯ ವರ್ಷ ಹುಟ್ಟಿದ ಮರಿಗಳಲ್ಲಿ ಅರ್ಧಕ್ಕರ್ಧ ಬೆನ್ನು ಸೊಟ್ಟ. ನೀರು ಬದಲಿಸಿದಳು, ಉಪ್ಪು ಹಾಕಿದಳು, ಏನೂ ಆಗಲಿಲ್ಲ. ಅದೇ ಹೊತ್ತಿಗೆ ಕಣ್ಣು ತೋರಿಸಿಕೊಳ್ಳಲು ಬೀದರಕ್ಕೆ ಬಂದ ಹಣಮಂತಪ್ಪ ಮಾಳಿಗೆ ಹತ್ತಿ, ಟಬ್ಬಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಇದರೊಳಗೆ ಟಗರು ಎಷ್ಟಿವೆ ಎಂದು ಕೇಳಿದರು. ಎಲ್ಲವೂ ಒಂದೇ ಗಂಡಿನ ಸಂತಾನ ಎಂದಳು ಮಗಳು.

“ಮತ್ತ ಬೆನ್ನ ಸೊಟ್ಟ ಆಗ್ದೆ ಏನಾಗ್ತದ? ಮಕ್ಕಳು ಮೊಮ್ಮಕ್ಕಳ ಹಿಂಡಿನಾಗ ಅದೇ ಟಗರ ಬಿಟ್ರ ಕುರಿನೂ ಹಿಂಗೇ ಹುಟ್ತಾವ. ಹೊರಗಿಂದ ಬ್ಯಾರೆ ತಾ,” ಎಂದರು ಹಣಮಂತಪ್ಪ. ಮತ್ತೆ ಕೇಳಿದರು. “ಕುರಿ ಉಣ್ಣೆ ಕೊಡ್ತದ, ಗೊಬ್ಬರ ಕೊಡ್ತದ. ಇವು ಏನ ಕೊಡ್ತಾವವ್ವ?”

“ಇವು ಒದರಂಗಿಲ್ಲರಿ ಅಪ್ಪಾ,” ಎಂದಳು ಸಿದ್ದೇಶ್ವರಿ.

ಐವತ್ತು ವರ್ಷ ಕುರಿಯ ಕೂಗು ಕೇಳಿದ್ದ ಹಣಮಂತಪ್ಪ ಅದನ್ನು ಯೋಚಿಸಿ ನೋಡಿ, ಅದೂ ಒಂದು ಗುಣವೇ ಎಂದು ಒಪ್ಪಿದರು.

ಹೈದರಾಬಾದಿಗೆ ಹೋಗುವ ಬಸ್ಸಿನ ಡ್ರೈವರನ ಕೈಯಲ್ಲಿ ಹೇಳಿ ಹೊಸ ಗಂಡುಗಳನ್ನು ತರಿಸಿದಳು. ಗಂಡು ಬೇರೆ, ಹೆಣ್ಣು ಬೇರೆ ಇಟ್ಟಳು. ತಂದೆ ಟಗರಿನ ಕೊಂಬು ಅಳೆಯುವ ಹಾಗೆ ಇವಳು ಬಾಲ ಅಳೆದು ಜೋಡಿ ಮಾಡಿದಳು. ಮರುವರ್ಷದ ಹೊತ್ತಿಗೆ ಕುಂಕುಮದ ಬಣ್ಣದ, ಅಂಚಿಗೆ ಕಪ್ಪು ಗೆರೆ ಹೊಡೆದ, ಬೀಸಣಿಗೆಯಂಥ ಬಾಲದ ಮೀನು ಮಾಳಿಗೆಯ ತುಂಬ ಓಡಾಡತೊಡಗಿದವು. ಬಣ್ಣ ಬಾರದ ಸಾದಾ ಮೀನುಗಳೂ ಕಡಿಮೆಯಿರಲಿಲ್ಲ. ತಂದೆಯಾಗಿದ್ದರೆ ಅಂಥವನ್ನು ಸಂತೆಗೆ ಹೊಡೆದು ಕೈತೊಳೆದುಕೊಳ್ಳುತ್ತಿದ್ದರು. ಇವಳಿಗೆ ಮನಸ್ಸು ಬಾರದೆ ಆರು ಟಬ್ಬು ಬರೀ ಅವುಗಳಿಗೇ ಹೋದವು.

ಊರಿನಲ್ಲಿ ಬಣ್ಣದ ಮೀನು ಮಾರುವ ಹಬೀಬ ಭಾಯಿಯ ಅಂಗಡಿಗೆ ಅವಳು ಐವತ್ತು ಕುಂಕುಮ ಬಾಲದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ದದ್ದು ಆಗಲೇ. ಹಬೀಬ ಭಾಯಿ ಕೆಟ್ಟ ಮನುಷ್ಯನಲ್ಲ. ಆದರೆ ತನ್ನ ಮಾಲು ಕಲ್ಕತ್ತಾದಿಂದ ಬರುತ್ತದೆ ಎಂಬ ಒಂದು ಜಂಬ ಆತನ ಗಡ್ಡದ ಜೊತೆಗೇ ಬೆಳೆದಿತ್ತು. ಚೀಲವನ್ನು ಎತ್ತಿ ಬೆಳಕಿಗೆ ಹಿಡಿದೂ ನೋಡದೆ, ಮನೆಯಲ್ಲಿ ಹುಟ್ಟಿದ್ದೋ ಎಂದು ಕೇಳಿದ.

“ಬೀದರ ನೀರು ಮೀನ ಹುಟ್ಟೂ ನೀರಲ್ಲ ಬಾಯಿ. ಈ ನೀರಾಗ ಮೀನ ಬದುಕತಾದ, ಅಷ್ಟೇ. ಖರೇ ಮಾಲು ಕಲ್ಕತ್ತಾದಾಗ ಹುಟ್ತಾದ,” ಎಂದು ಚೀಲವನ್ನು ಹಿಂದಕ್ಕೆ ಕೊಟ್ಟ.

ಸಿದ್ದೇಶ್ವರಿ ಬಹಳ ಮೆತ್ತಗೆ, ಹೌದೇನ್ರಿ ಎಂದಳು. ಅನೀಲಕುಮಾರ ಅಲ್ಲಿದ್ದಿದ್ದರೆ ಹಬೀಬ ಭಾಯಿಯನ್ನು ಎಚ್ಚರಿಸುತ್ತಿದ್ದ.

ಭಾಲ್ಕಿಯಲ್ಲಿ ಅವಳ ಹೊಲಿಗೆ ಕ್ಲಾಸಿನ ಗೆಳತಿ ನಲಿನಿ ಇದ್ದಳು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಫೋನಿನಲ್ಲಿ ಹಿಂದಿ. ಮೂರರಲ್ಲೂ ಸುಳ್ಳನ್ನು ಸರಾಗವಾಗಿ ಹೇಳಬಲ್ಲವಳು. ಒಂದು ವಾರದಲ್ಲಿ ಹಬೀಬ ಭಾಯಿಗೆ ಫೋನು ಬಂತು. ಕಲ್ಕತ್ತಾದ ದೊಡ್ಡ ಪಾರ್ಟಿಯೊಂದು ಈ ಜಿಲ್ಲೆಗೆ ಮಾಲು ಕಳಿಸುತ್ತಿದೆ, ಪೆಟ್ಟಿಗೆ ರೈಲಿನಲ್ಲಿ ಭಾಲ್ಕಿಗೆ ಬರುತ್ತದೆ, ತಾನು ಏಜೆಂಟಳು, ಅಲ್ಲಿಂದ ಬಸ್ಸಿಗೆ ಹಾಕಿ ಕಳಿಸುತ್ತೇನೆ ಎಂದು ನಲಿನಿ ಹಿಂದಿಯಲ್ಲಿ ತಿಳಿಸಿದಳು. ಹಬೀಬ ಭಾಯಿ ಮೊದಲ ಮಾತಿಗೇ ಒಪ್ಪಿದ.

ಅಲ್ಲಿಂದ ಚಿದ್ರಿಯ ಮೀನಿಗೆ ತಿರುಗಾಟ ಶುರುವಾಯಿತು. ಬೆಳಿಗ್ಗೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೂತು ಸಿದ್ದೇಶ್ವರಿಯ ಗಂಡನ ಬಸ್ಸಿನಲ್ಲಿ ಭಾಲ್ಕಿಗೆ ಹೋಗುವುದು, ನಲಿನಿಯ ಮನೆಯಲ್ಲಿ ಎರಡು ತಾಸು ವಿಶ್ರಾಂತಿ ಪಡೆಯುವುದು, ಮಧ್ಯಾಹ್ನದ ಬಸ್ಸಿನಲ್ಲಿ ಮತ್ತೆ ಬೀದರಕ್ಕೆ ಬರುವುದು. ಅನೀಲಕುಮಾರನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೆಂಡತಿಯ ಪೆಟ್ಟಿಗೆಗೂ ಲಗೇಜ್ ಟಿಕೆಟು ಹರಿಯುತ್ತಿದ್ದ. ಅದನ್ನು ಮಾತ್ರ ತಪ್ಪಿಸುವ ಹಾಗಿರಲಿಲ್ಲ. ತನ್ನನ್ನು ಯಾರೂ ಏನೂ ಕೇಳದಿರಲಿ ಎಂದು ಬೇಡಿಕೊಳ್ಳುವುದಷ್ಟೇ ಅವನ ಕೆಲಸ. ಪೆಟ್ಟಿಗೆಗೆ ಒಂದು ಗುರುತು ಬೇಕೆಂದು ಸಿದ್ದೇಶ್ವರಿ ರಸಗುಲ್ಲಾ ಡಬ್ಬದಿಂದ ಬಂಗಾಲಿ ಅಕ್ಷರದ ಚೀಟಿಯನ್ನು ಬಿಡಿಸಿ ಮುಚ್ಚಳಕ್ಕೆ ಅಂಟಿಸಿದಳು. ಹಬೀಬ ಭಾಯಿ ಅದನ್ನು ಕಂಪನಿಯ ಲೈಸೆನ್ಸ್ ಎಂದು ತಿಳಿದು, ಹುಷಾರಾಗಿ ಕಿತ್ತು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಕಟ್ಟು ಹಾಕಿಸಿ ತೂಗಹಾಕಿದ.

ಮೀನು ಸಾಯುತ್ತಿರಲಿಲ್ಲ. ಅದೇ ನೀರಿನಲ್ಲಿ ಹುಟ್ಟಿದವು ಯಾಕೆ ಸಾಯಬೇಕು? ಕಲ್ಕತ್ತಾದ ಮಾಲು ಬೀದರದಲ್ಲಿ ಹೀಗೆ ನಿಲ್ಲುವುದು ತನ್ನ ಕೈಗುಣ ಎಂದು ಹಬೀಬ ಭಾಯಿ ಗಿರಾಕಿಗಳಿಗೆ ಹೇಳತೊಡಗಿದ. ಒಂದು ದಿನ ಸಿದ್ದೇಶ್ವರಿ ಏನೂ ಅರಿಯದವಳಂತೆ ಅಂಗಡಿಗೆ ಹೋದಾಗ ಆತನಿಗೆ ಅವಳ ಮೇಲೆ ಕನಿಕರ ಉಕ್ಕಿತು. ಕುಂಕುಮ ಬಾಲದ ಒಂದು ಜೋಡಿಯನ್ನು ಚೀಲಕ್ಕೆ ಹಾಕಿ ಪುಕ್ಕಟೆ ಕೊಟ್ಟ. ನಿಮ್ಮ ಕೈಯಲ್ಲಿ ಬದುಕಲಿಕ್ಕಿಲ್ಲ, ಆದರೂ ಅಸಲಿ ಮಾಲು ಹೇಗಿರುತ್ತದೆ ಎಂದು ಕಣ್ಣಿಗಾದರೂ ಬೀಳಲಿ ಎಂದ. ಸಿದ್ದೇಶ್ವರಿ ಚೀಲವನ್ನು ಎತ್ತಿ ನೋಡಿದಳು. ಆ ಗಂಡಿನ ತಾಯಿ ಯಾವುದು, ಅದು ಯಾವ ಟಬ್ಬಿನದು ಎಂಬುದೂ ಅವಳಿಗೆ ಗೊತ್ತಿತ್ತು. ಎರಡೂ ಕೈಯಿಂದ ಇಸಿದುಕೊಂಡು, ಉಪಕಾರ ಆಯ್ತರಿ ಎಂದು ಬಂದಳು. ಮನೆಯ ಮೆಟ್ಟಿಲ ಮೇಲೆ ಕೂತು ಅವಳು ನಕ್ಕ ನಗುವಿಗೆ ಸತ್ಯಮ್ಮ ಒಳಗಿನಿಂದ ಎದ್ದು ಬಂದರು. ಸಂಗತಿ ತಿಳಿದ ಮೇಲೆ ಅವರೂ ಪಕ್ಕದಲ್ಲೇ ಕೂತರು.

ಹದಿನಾಲ್ಕು ತಿಂಗಳು ಹೀಗೇ ನಡೆಯಿತು. ಮಳೆಗಾಲದ ಮುಂಚೆ ಹಬೀಬ ಭಾಯಿಗೆ ಔರಾದದಿಂದ ದೊಡ್ಡದೊಂದು ಬೇಡಿಕೆ ಬಂತು. ಸೊಳ್ಳೆಯ ಮರಿ ತಿನ್ನಲೆಂದು ಹಳ್ಳಿಗಳ ಬಾವಿ, ತೊಟ್ಟಿಗಳಿಗೆ ಬಿಡುವುದಕ್ಕೆ ಆರೋಗ್ಯ ಕಚೇರಿಯವರಿಗೆ ಎರಡು ಸಾವಿರ ಗಪ್ಪಿ ಬೇಕಿತ್ತು. ಬಣ್ಣ ಇರದಿದ್ದರೂ ನಡೆಯುತ್ತಿತ್ತು. ಹಬೀಬ ಭಾಯಿ ಕೂಡಲೇ ಭಾಲ್ಕಿಗೆ ಫೋನು ಮಾಡಿದ, ಭಾಲ್ಕಿ ಚಿದ್ರಿಗೆ ಮಾಡಿತು. ಯಾರಿಗೂ ಬೇಡವಾದ ಆರು ಟಬ್ಬಿನ ಮೀನಿಗೆ ಒಂದೇ ಸಲ ಯೋಗ ಬಂತು. ಕಲ್ಕತ್ತಾದಿಂದ ಎರಡು ಸಾವಿರ ಮೀನು ಎರಡೇ ದಿನದಲ್ಲಿ ಹೇಗೆ ಬರುತ್ತವೆ ಎಂದು ಹಬೀಬ ಭಾಯಿ ಕೇಳಲಿಲ್ಲ. ಆದರೆ ಇನ್ನೊಂದು ಕೆಲಸ ಮಾಡಿದ. ಭಾಲ್ಕಿಯಿಂದ ಬೀದರಕ್ಕೆ ತರಿಸಿ ಮತ್ತೆ ಔರಾದಕ್ಕೆ ಒಯ್ಯುವ ಬದಲು, ತಾನೇ ಭಾಲ್ಕಿಗೆ ಹೋಗಿ ಅಲ್ಲಿಂದ ಜೀಪು ಮಾಡಿಕೊಂಡು ನೇರವಾಗಿ ಹೋಗೋಣ ಎಂದು ಹೊರಟ. ಏಜೆಂಟಳಿಗೆ ಮಧ್ಯಾಹ್ನ ಬರುತ್ತೇನೆ ಎಂದವನು, ಹುರುಪು ತಾಳದೆ ಬೆಳಿಗ್ಗೆ ಒಂಬತ್ತರ ಬಸ್ಸನ್ನೇ ಹತ್ತಿದ.

ಅದು ಅನೀಲಕುಮಾರನ ಬಸ್ಸು. ಹಿಂದಿನ ಸೀಟಿನಲ್ಲಿ ಎಂಟು ಪೆಟ್ಟಿಗೆಗಳ ನಡುವೆ ಸಿದ್ದೇಶ್ವರಿ ಕೂತಿದ್ದಳು. ಹಬೀಬ ಭಾಯಿ ಅವಳನ್ನು ಕಂಡು ಬಂದು ಪಕ್ಕದ ಸೀಟಿನಲ್ಲೇ ಕೂತ. ಟಿಕೆಟು ಹರಿಯುತ್ತಿದ್ದ ಅನೀಲಕುಮಾರ ಚಿಲ್ಲರೆಯನ್ನು ತಪ್ಪು ಕೊಟ್ಟು, ಬೈಸಿಕೊಂಡು, ಮತ್ತೆ ತಪ್ಪು ಕೊಟ್ಟ. ನೌಬಾದ ದಾಟಿದ ಮೇಲೆ ಹಬೀಬ ಭಾಯಿ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದ. ಮೀನು ಎಂದಳು. ಭಾಲ್ಕಿಯಲ್ಲಿ ಇಷ್ಟು ಮೀನು ಯಾರು ಕೊಳ್ಳುತ್ತಾರೆ ಎಂದ.

“ಭಾಲ್ಕಿಯವರಲ್ಲರಿ ಹಬೀಬ ಭಾಯ್. ಬೀದರದಾಗ ಒಬ್ಬರು ಅಂಗಡಿಯವರು ಅದಾರ. ಅವರಿಗಿ ನಮ್ಮ ಮನಿಂದ ಕೊಟ್ರ ಸೇರಂಗಿಲ್ಲ, ಭಾಲ್ಕಿಂದ ಬಂದ್ರ ಸೇರ್ತದ,” ಎಂದಳು ಸಿದ್ದೇಶ್ವರಿ, ದನಿ ಬೆಣ್ಣೆಯಾಗಿ.

ಹಬೀಬ ಭಾಯಿ ತೊಡೆ ತಟ್ಟಿಕೊಂಡು ನಕ್ಕ. ಬೀದರದಲ್ಲಿ ತನ್ನ ಜೊತೆಗೆ ವ್ಯಾಪಾರ ಮಾಡುವವರಲ್ಲಿ ಅಂಥ ಬೇವಕೂಫ ಯಾರಿರಬಹುದು ಎಂದು ದಾರಿಯುದ್ದಕ್ಕೂ ಒಬ್ಬೊಬ್ಬರ ಹೆಸರು ಹೇಳುತ್ತ ಹೋದ. ಸಿದ್ದೇಶ್ವರಿ ಪ್ರತಿ ಹೆಸರಿಗೂ ಅಲ್ಲ ಎಂದು ತಲೆಯಾಡಿಸಿದಳು. ಮುಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತ ಅನೀಲಕುಮಾರ ಹಿಂದಕ್ಕೆ ತಿರುಗಿ ನೋಡಲೇ ಇಲ್ಲ.

ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ನಲಿನಿ ಆಟೋ ತಂದು ಕಾಯುತ್ತಿದ್ದಳು. ಹಬೀಬ ಭಾಯಿಯ ಮುಖ ಅವಳು ಎಂದೂ ಕಂಡವಳಲ್ಲ. ಪೆಟ್ಟಿಗೆಗಳು ಕೆಳಗಿಳಿದವು, ಇಳಿಸಲು ಆತನೂ ಕೈಹಚ್ಚಿದ. ಎಣಿಸಿ ನೋಡಿ, ಎಲ್ಲ ಸರಿಯಿದೆ ಎಂದು ನಲಿನಿ ಫೋನು ತೆಗೆದು ಗುಂಡಿ ಒತ್ತಿದಳು. ನಾಲ್ಕು ಮಾರು ದೂರದಲ್ಲಿದ್ದ ಹಬೀಬ ಭಾಯಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಲ್ಕತ್ತಾ ಮಾಲು ಈಗ ತಾನೇ ರೈಲಿನಿಂದ ಇಳಿಯಿತು ಎಂಬ ಸುದ್ದಿಯನ್ನು ಆತ ಒಂದು ಕಿವಿಯಲ್ಲಿ ಫೋನಿನಿಂದಲೂ ಇನ್ನೊಂದು ಕಿವಿಯಲ್ಲಿ ನಲಿನಿಯ ಬಾಯಿಂದಲೂ ಕೇಳಿದ.

ಹಬೀಬ ಭಾಯಿ ಸಿಮೆಂಟಿನ ಬೆಂಚಿನ ಮೇಲೆ ಕೂತ. ಆತ ರೇಗಿದ್ದರೆ ಎದುರಾಡಲು ಸಿದ್ದೇಶ್ವರಿಯ ಬಳಿ ಮಾತಿತ್ತು. ಹೀಗೆ ಮುಖ ಚಿಕ್ಕದು ಮಾಡಿಕೊಂಡು ಕೂತವನಿಗೆ ಕ್ಯಾಂಟೀನಿನಿಂದ ಚಹಾ ತಂದು ಕೈಗೆ ಕೊಟ್ಟಳು.

“ಗ್ವಾಡಿಗಿ ಹಾಕಿದ ಆ ಕಾಗದ?” ಎಂದು ಕೊನೆಗೆ ಕೇಳಿದ.

“ರಸಗುಲ್ಲಾ ಡಬ್ಬದ್ದರಿ.”

ಹಬೀಬ ಭಾಯಿಯ ಭುಜ ಕುಲುಕಿತು. ಅಳುತ್ತಿದ್ದಾನೆಂದು ಹೆದರಿ ಅನೀಲಕುಮಾರ ಬಸ್ಸಿನಿಂದ ಇಳಿದು ಓಡಿಬಂದ. ನೋಡಿದರೆ ಹಬೀಬ ಭಾಯಿ ನಗುತ್ತಿದ್ದ. ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತ್ತು. ಕಳೆದ ರಂಜಾನಿನಲ್ಲಿ ತನ್ನ ಬೀಗರನ್ನು ಆ ಕಾಗದದ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದ್ದೇನೆ ಎಂದ. ಅದನ್ನು ಹೇಳುವಷ್ಟರಲ್ಲಿ ನಲಿನಿಯೂ ಸೆರಗು ಬಾಯಿಗೆ ಒತ್ತಿಕೊಂಡಳು.

ಆದರೆ ವ್ಯಾಪಾರಿ ವ್ಯಾಪಾರಿಯೇ. ಚಹಾದ ಲೋಟ ಕೆಳಗಿಟ್ಟ ಮೇಲೆ, ಗಿರಾಕಿಗಳಿಗೆ ಮಾತ್ರ ಇದು ಗೊತ್ತಾಗಕೂಡದು ಎಂದು ಶರತ್ತು ಹಾಕಿದ. ಸಿದ್ದೇಶ್ವರಿಯೂ ತನ್ನದೊಂದು ಹಾಕಿದಳು. ಇನ್ನು ಮೇಲೆ ಮಾಲು ಬೇಕಾದರೆ ಹಬೀಬ ಭಾಯಿಯೇ ಚಿದ್ರಿಗೆ ಬಂದು, ಮಾಳಿಗೆ ಹತ್ತಿ, ಪ್ರತಿ ಚೀಲವನ್ನೂ ಬೆಳಕಿಗೆ ಹಿಡಿದು ನೋಡಿ ಒಯ್ಯಬೇಕು. ಆತ ಒಪ್ಪಿದ. ಇಬ್ಬರೂ ಜೀಪು ಮಾಡಿಕೊಂಡು ಔರಾದಕ್ಕೆ ಹೋಗಿ ಪೆಟ್ಟಿಗೆ ಒಪ್ಪಿಸಿದರು. ಮೀನು ಎಲ್ಲಿಯವು ಎಂದು ಕಚೇರಿಯವರು ಕೇಳಿದಾಗ ಹಬೀಬ ಭಾಯಿ ಕೆಮ್ಮಿ, ಗಡ್ಡ ನೀವಿಕೊಂಡು, ಈ ಬಾಯಿಯವರ ತವರು ಇದೇ ತಾಲ್ಲೂಕು ನೋಡ್ರಿ ಎಂದ. ಅದು ಸುಳ್ಳೂ ಅಲ್ಲ, ಕೇಳಿದ್ದಕ್ಕೆ ಉತ್ತರವೂ ಅಲ್ಲ. ಕಚೇರಿಯವರು ಅಷ್ಟನ್ನೇ ಬರೆದುಕೊಂಡರು.

ಈಗ ಪ್ರತಿ ಶುಕ್ರವಾರ ನಮಾಜು ಮುಗಿಸಿ ಹಬೀಬ ಭಾಯಿ ಚಿದ್ರಿಗೆ ಬರುತ್ತಾನೆ. ಮೊಳಕಾಲು ನೋವಿನ ಹೆಸರಿನಲ್ಲಿ ಒಂದೊಂದು ಮೆಟ್ಟಿಲನ್ನೂ ಬೈಯುತ್ತ ಮೇಲೆ ಹತ್ತುತ್ತಾನೆ. ಸಿದ್ದೇಶ್ವರಿ ಈ ವರ್ಷ ಹೊಸ ಹಟವೊಂದಕ್ಕೆ ಬಿದ್ದಿದ್ದಾಳೆ. ಏಂಜೆಲ್ ಎಂಬ ಅಗಲ ರೆಕ್ಕೆಯ ಮೀನಿನ ಜೋಡಿಯೊಂದು ನಲ್ಲಿಯ ಪೈಪಿನ ತುಂಡಿನ ಮೇಲೆ ಸಾಲಾಗಿ ಮೊಟ್ಟೆ ಇಡುತ್ತದೆ. ಎರಡು ದಿನ ಗಂಡ ಹೆಂಡತಿ ಸರದಿಯ ಮೇಲೆ ಕಾವಲು ನಿಲ್ಲುತ್ತವೆ, ಮೂರನೆಯ ದಿನ ಎರಡೂ ಕೂಡಿ ಎಲ್ಲವನ್ನೂ ತಿಂದುಬಿಡುತ್ತವೆ. ಇದಕ್ಕೆ ಕುರಿಯ ವಿದ್ಯೆಯಲ್ಲಿ ಉಪಾಯವಿಲ್ಲ ಎಂದು ಹಣಮಂತಪ್ಪ ಡಾಬಕಾದಿಂದ ಫೋನಿನಲ್ಲಿ ಕೈಚೆಲ್ಲಿದ್ದಾರೆ. ಹಬೀಬ ಭಾಯಿ ಮಾತ್ರ ಸೋತಿಲ್ಲ. ಹಿಂದಿನ ಶುಕ್ರವಾರ ಟಬ್ಬಿನ ಮೇಲೆ ಬಗ್ಗಿ ಆ ಜೋಡಿಗೆ ಉರ್ದುವಿನಲ್ಲಿ ಅರ್ಧ ತಾಸು ಬುದ್ಧಿ ಹೇಳಿ ಹೋದ. ಮೊಟ್ಟೆ ಈ ಸಲ ನಾಲ್ಕು ದಿನ ಉಳಿದವು.