ಎಲಾದಿಯೋನ ಚಪ್ಪಾಳೆ ಡಬ್ಬಿ

ಎಲಾದಿಯೋ ಎರಡನೇ ಚರಣಕ್ಕೆ ಬಾಯಿ ತೆರೆದಿದ್ದ, ಅಷ್ಟರಲ್ಲಿ ಸ್ಪೀಕರ್ ಡಬ್ಬಿಯೊಳಗಿನ ಚಪ್ಪಾಳೆ ನಿಂತುಹೋಗಿ ಅವನಮ್ಮ ಮಾತಾಡತೊಡಗಿದಳು. ರ‍್ಯಾಪಿನ ತಾಳವೆಲ್ಲ ಇದ್ದದ್ದು ಫೋನಿನಲ್ಲಿ. ಅದಕ್ಕೆ ಕರೆ ಬಂತು, ಗಾಬರಿಯಲ್ಲಿ ಬೆರಳು ಒತ್ತಬಾರದ್ದನ್ನು ಒತ್ತಿತು.

“ಲೋ, ಗ್ಯಾಸ್ ಖಾಲಿ ಕಣೋ! ಊರಿಗೆಲ್ಲ ಸಿಲಿಂಡರ್ ಹೊರ್ತೀಯ, ಇಲ್ಲಿ ಕಡಲೆ ಅರ್ಧ ಬೆಂದು ಕೂತಿದೆ!”

ಸ್ಪೇನಿನ ಹೆರೆಸ್ ಊರಿನ ಆ ಫ್ಲಮೆಂಕೊ ಹಾಡುಗಾರರ ಸಂಘದಲ್ಲಿ ಹಾಡಿನ ನಡುವೆ ಕೆಮ್ಮುವವರೂ ಹೊರಗೆ ಹೋಗಿ ಕೆಮ್ಮುತ್ತಾರೆ. ಮುಂದಿನ ಸಾಲಿನಲ್ಲಿದ್ದ ಅವನ ಸೋದರತ್ತೆ ಕಸಿಲ್ಡಾ ಹಣೆ ಒತ್ತಿಕೊಂಡಳು. ಇನ್ನೊಬ್ಬ ಸೋದರಳಿಯನ ದೀಕ್ಷಾಸ್ನಾನದ ಊಟದಲ್ಲಿ ಸಾರಿಗೆ ಪುದೀನ ಹಾಕಬೇಕೋ ಬೇಡವೋ ಎಂದು ಜಗಳವಾಡಿ ಮಾತು ಬಿಟ್ಟ ಅತ್ತಿಗೆ! ಅವಳ ದನಿ ಇವತ್ತೇ, ಇಲ್ಲೇ, ಇಷ್ಟು ಜೋರಾಗಿಯೇ ಕೇಳಬೇಕಿತ್ತೆ?

ಎಲಾದಿಯೋನಿಗಾಗಿ ಕಸಿಲ್ಡಾ ಸಂಘದ ಅಧ್ಯಕ್ಷ ಬಾಲ್ದೊಮೆರೋನ ಬಾಗಿಲು ಸವೆಸಿದ್ದಳು. ಕ್ರಿಸ್ಮಸ್‌ಗೆ ಮುಂಚೆ ಕೇರಿಯ ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಎಲ್ಲರೂ ಹಾಡುತ್ತಾರೆ. ಅವಳ ಅಣ್ಣ, ಅಂದರೆ ಎಲಾದಿಯೋನ ಅಪ್ಪ, ಹೋದಮೇಲೆ ಅಲ್ಲಿ ಅವರ ಮನೆಯ ಗಂಟಲೇ ಇಲ್ಲ. “ಒಂದು ಸಲ ಕೇಳ್ತೀನಿ. ತಾಳ ತಪ್ಪಿದ್ರೆ ಅಂಗಳದ ಮಾತೇ ಎತ್ತಬೇಡ” ಎಂದಿದ್ದ ಬಾಲ್ದೊಮೆರೋ.

ಹುಡುಗನೋ, ಹಗಲೆಲ್ಲ ಮಹಡಿ ಮಹಡಿ ಹತ್ತಿ ಕಿತ್ತಳೆ ಬಣ್ಣದ ಸಿಲಿಂಡರ್ ಇಳಿಸುವವನು. ಸಂಜೆಗೆ ತಾತನ ಬುಲೆರಿಯಾ ಎಂಬ ಚುರುಕು ತಾಳದ ಫ್ಲಮೆಂಕೊ ಹಾಡಿಗೆ ಪೇಟೆಯ ಢಬಢಬ ಅಂಟಿಸುವವನು. “ಸತ್ತವರಿಗೆ ಕ್ರೀಡಾ ಬೂಟು ಹಾಕಿಸ್ತೀಯಲ್ಲೋ!” ಎಂದು ಕಸಿಲ್ಡಾ ಬೈದರೆ, “ಅವರೂ ಸ್ವಲ್ಪ ಓಡಾಡ್ಲಿ ಬಿಡು ಅತ್ತೆ” ಎನ್ನುತ್ತಿದ್ದ. ಅದನ್ನೂ ಸಹಿಸಬಹುದಿತ್ತು. ಹೋದ ವರ್ಷ ಅಡುಗೆಮನೆಯಲ್ಲಿ ಅವಳ ಕೈಲಿ ಚಪ್ಪಾಳೆ ಹೊಡೆಸಿ ಫೋನಿಗೆ ತುಂಬಿಕೊಂಡ. ಆಮೇಲೆ ಹಾಡಿನ ಕಚೇರಿಗೆ ಅವಳನ್ನು ಕರೆಯಲೇ ಇಲ್ಲ. ಕೈ ಬೇಕು, ಕೈಯ ಹಿಂದಿನ ಹೆಂಗಸು ಬೇಡ!

ಈಗ ಖಾಲಿ ತಾಳ ಸಭೆಯ ನಡುವೆ ಬಾಯ್ಬಿಟ್ಟು ನಿಂತಿತ್ತು. ತಾಳವಿದ್ದವರಿಗೆ ತಾಳ್ಮೆಯೂ ಇರಬೇಕೆಂದೇನಿಲ್ಲ. ಕಸಿಲ್ಡಾ ಎದ್ದಳು, ಕೈ ತಟ್ಟತೊಡಗಿದಳು, ಕಣ್ಣಲ್ಲೇ ಗದರಿದಳು: ಹಾಡೋ, ಮೂದೇವಿ! ಎಲಾದಿಯೋ ಹಾಡಿದ. ಗ್ಯಾಸು, ಕಡಲೆ, ಅಮ್ಮನ ಬೈಗುಳ, ಎಲ್ಲವನ್ನೂ ಹಾಡಿನೊಳಗೆ ತುರುಕಿಯೇ ಹಾಡಿದ. ಬಾಲ್ದೊಮೆರೋನ ಬೆರಳಗೆಣ್ಣು ತಾನಾಗಿ ಮೇಜು ಕುಟ್ಟತೊಡಗಿತು.

“ಡಿಸೆಂಬರ್‌ಗೆ ಬಾ. ಆ ಡಬ್ಬಿ ಮನೇಲಿಟ್ಟು ಬಾ” ಎಂದ ಕೊನೆಗೆ.

ಬಾಗಿಲ ಬಳಿ ಎಲಾದಿಯೋ ಹಿಂದೆಯೇ ಬಂದ. “ಅತ್ತೆ, ಅಂಗಳಕ್ಕೆ ನೀನೇ ತಾಳ ಹಾಕ್ಬೇಕು. ಆಮೇಲೂ ಅಷ್ಟೇ, ನಾನು ಹೋದಲ್ಲೆಲ್ಲ.”

ಕಸಿಲ್ಡಾ ಒಳಗೊಳಗೇ ಹಿಗ್ಗಿದಳು. ಆದರೂ ಬಿಗುಮಾನ ಬಿಡಲಿಲ್ಲ. “ಡಬ್ಬೀಲಿರೋದೂ ನನ್ನ ಕೈಯೇ ತಾನೆ? ಅದರಲ್ಲಿಲ್ಲದ್ದು ನನ್ನಲ್ಲೇನು ಕಂಡೆಯಪ್ಪಾ?”

ಎಲಾದಿಯೋ ಕತ್ತು ಕೆರೆದುಕೊಂಡ.

“ನೀನೂ ಅಮ್ಮನೂ ಮಾತು ಬಿಟ್ಟಿದ್ದೀರಲ್ಲ ಅತ್ತೆ. ನಿನಗೆ ಅವಳ ಫೋನ್ ಬರಲ್ಲ.”